ನಮ್ಮ ಓಣಿಗೆ ಕೆಂಪು ಗೀಟು ಬಿದ್ದಿದೆ. ಗೆಡ್ಡೆಸ್ ಓದಿದವರು ಯಾರಾದರೂ ಇದ್ದೀರಾ?

ಹಳೇಪೇಟೆ_ಓಣಿ

ನಮ್ಮ ಮನೆ ಶಿವಮೊಗ್ಗದ ಹಳೇ ಪೇಟೆಯಲ್ಲಿ, ಗಾಂಧಿ ಬಜಾರಿನ ಹಿಂದಿನ ಒಂದು ಓಣಿಯಲ್ಲಿದೆ. ಅಜ್ಜ ಕಟ್ಟಿಸಿದ್ದು. ಹೆಂಚಿನ ಮಾಡು, ಮುಂದೆ ಜಗಲಿ, ಹಿತ್ತಿಲಲ್ಲಿ ಬಾವಿ. ಹದಿನೈದು ದಿನದ ಹಿಂದೆ ಇಬ್ಬರು ಟೇಪು ಹಿಡಿದುಕೊಂಡು ಬಂದರು. ನಮ್ಮ ಜಗಲಿಯ ಕಂಬಕ್ಕೆ, ಎದುರಿನ ಟೈಲರ್ ಅಂಗಡಿಯ ಗೋಡೆಗೆ, ಮೂಲೆಯ ಅರಳಿಕಟ್ಟೆಗೆ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೋದರು. ಕೇಳಿದ್ದಕ್ಕೆ "ಸದ್ಯಕ್ಕೆ ಸರ್ವೆ ಅಷ್ಟೇ ಮೇಡಂ, ರಸ್ತೆ ಅಗಲ ಆಗುತ್ತೆ" ಅಂದರು. ಅವರ ಕೈಯಲ್ಲಿದ್ದ ನಕ್ಷೆ ಇಣುಕಿ ನೋಡಿದೆ. ನಮ್ಮ ಓಣಿ ಅದರಲ್ಲಿ ಎರಡು ನೇರ ಗೆರೆ. ಕಟ್ಟೆ ಇಲ್ಲ, ಬಾವಿ ಇಲ್ಲ, ಟೈಲರ್ ಇಲ್ಲ.

ಅವತ್ತಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ಸಂಜೆ ಜಗಲಿಯ ಮೇಲೆ ಕೂತು ಆ ಗೀಟನ್ನೇ ನೋಡುತ್ತಾಳೆ.

ನಾನು ಊರು ಕಟ್ಟುವ ವಿದ್ಯೆ ಓದಿದವಳಲ್ಲ, ಅಕೌಂಟ್ಸ್ ಬರೆಯುವವಳು. ಆದರೆ ಇದೇ ಸಮಯಕ್ಕೆ ಪರಿಚಯದವರೊಬ್ಬರು ಒಂದು ಹಳೇ ಪುಸ್ತಕ ಕೊಟ್ಟರು. ಪ್ಯಾಟ್ರಿಕ್ ಗೆಡ್ಡೆಸ್ ಅಂತ ಒಬ್ಬರು ನಮ್ಮ ದೇಶದ ಊರುಗಳ ಬಗ್ಗೆ ಬರೆದ ವರದಿಗಳನ್ನು ಆಯ್ದು, 1947ರಲ್ಲಿ ಜಾಕ್ವೆಲಿನ್ ಟಿರ್‌ವಿಟ್ ಎಂಬುವವರು ಒಟ್ಟು ಮಾಡಿದ್ದು. ಓದಲು ಶುರು ಮಾಡಿದವಳು ಬಿಡಲಿಲ್ಲ. ನಮ್ಮ ಓಣಿಯಲ್ಲಿ ನಿಂತೇ ಬರೆದ ಹಾಗಿದೆ.

ಗೆಡ್ಡೆಸ್ 1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಕಲಿತದ್ದು ಜೀವಶಾಸ್ತ್ರ, ಪಾಠ ಮಾಡಿದ್ದು ಸಸ್ಯಶಾಸ್ತ್ರ. 1880ರ ದಶಕದಲ್ಲಿ ಹೆಂಡತಿ ಅನ್ನಾ ಜೊತೆ ಎಡಿನ್‌ಬರೊದ ಹಳೇ ಊರಿಗೆ, ಉಳ್ಳವರೆಲ್ಲ ಬಿಟ್ಟುಹೋಗಿದ್ದ ಕೊಳಕು ವಠಾರಕ್ಕೆ ಮನೆ ಮಾಡಿಕೊಂಡು ಹೋದರು. ಅಕ್ಕಪಕ್ಕದವರನ್ನು ಸೇರಿಸಿಕೊಂಡು ತೊಳೆದರು, ಸುಣ್ಣಬಣ್ಣ ಮಾಡಿದರು, ತೀರಾ ಕೆಟ್ಟದ್ದನ್ನಷ್ಟೇ ಕೆಡವಿದರು, ಉಳಿದದ್ದನ್ನು ರಿಪೇರಿ ಮಾಡಿದರು. 1914ರಲ್ಲಿ ಮದ್ರಾಸಿನ ಗವರ್ನರ್ ಕರೆದರು ಅಂತ ಇಲ್ಲಿಗೆ ಬಂದರು. ಊರುಗಳ ಬಗ್ಗೆ ಅವರು ಕೂಡಿಟ್ಟಿದ್ದ ಪ್ರದರ್ಶನದ ನಕ್ಷೆ ಚಿತ್ರಗಳೆಲ್ಲ ಇದ್ದ ಹಡಗನ್ನು ಜರ್ಮನಿಯ ಎಂಡೆನ್ ಯುದ್ಧನೌಕೆ ಮುಳುಗಿಸಿತು. ಹೊಸದಾಗಿ ಮತ್ತೆ ಕೂಡಿಸಿಕೊಂಡು 1915ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆಸಿದರು. ಆಮೇಲೆ ತಂಜಾವೂರು, ಮಧುರೈ, ಲಖನೌ, ಲಾಹೋರ್, ಇಂದೋರ್, ಹೀಗೆ ಊರೂರು ನಡೆದರು. ಬೆಳಗಿನಿಂದ ಕತ್ತಲಾಗುವವರೆಗೆ ಓಣಿ ಓಣಿ ಸುತ್ತುತ್ತಿದ್ದರಂತೆ. 1917ರಲ್ಲಿ ಅನ್ನಾ ಇಲ್ಲೇ ಜ್ವರದಿಂದ ತೀರಿಕೊಂಡರು. ಅದೇ ವರ್ಷ ದೊಡ್ಡ ಮಗ ಫ್ರಾನ್ಸಿನಲ್ಲಿ ಯುದ್ಧದಲ್ಲಿ ಸತ್ತ. ಆದರೂ ಕೆಲಸ ನಿಲ್ಲಿಸಲಿಲ್ಲ.

ಅವರ ಮಾತು ಇಷ್ಟು. ರೋಗ ಏನು ಅಂತ ನೋಡದೆ ಕತ್ತರಿ ಹಿಡಿಯಬೇಡಿ. ಅಂದಿನ ಇಂಜಿನಿಯರುಗಳು ಇಕ್ಕಟ್ಟಾದ ಕೇರಿ ಕಂಡರೆ ನಡುವೆ ನೇರ ರಸ್ತೆ ಹೊಡೆಯುತ್ತಿದ್ದರು. ಪ್ಲೇಗು ಹೋಗಲಿ, ಗಾಳಿ ಬರಲಿ ಅಂತ. ಗೆಡ್ಡೆಸ್ ಕೇಳಿದ್ದು, ಆ ಮನೆಗಳಲ್ಲಿದ್ದ ಜನ ಎಲ್ಲಿಗೆ ಹೋದರು? ಪಕ್ಕದ ಕೇರಿಗೆ. ಅಲ್ಲಿ ಬಾಡಿಗೆ ಏರಿತು, ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದದ್ದು ಎಂಟಾಯಿತು. ಇಕ್ಕಟ್ಟು ಅಲ್ಲಿಗೆ ದಾಟಿತು ಅಷ್ಟೇ, ಅಲ್ವಾ?

ಮುಂದಿನ ಭಾನುವಾರ ಬೆಳಿಗ್ಗೆ ನಾವು ಓಣಿಯವರು ನಾಲ್ಕೈದು ಜನ ಅಳತೆ ಟೇಪು, ನೋಟ್‌ಬುಕ್ಕು ಹಿಡಿದು ಮನೆ ಮನೆಗೆ ಹೋಗಿ ನಮ್ಮದೇ ನಕ್ಷೆ ಮಾಡೋಣ ಅಂತಿದ್ದೇವೆ. ಆಕ್ಷೇಪಣೆ ಬರೆಯುವಾಗ ಅದನ್ನು ಜೊತೆಗೆ ಕೊಡಬೇಕು. ಈ ಬಗ್ಗೆ ಗೊತ್ತಿರುವವರು, ನಮ್ಮನ್ನು ಒಪ್ಪದವರೂ ಸೇರಿ, ದಯವಿಟ್ಟು ಬರೆಯಿರಿ.

ಗೋಪಾಳ_ಕೊನೇಸ್ಟಾಪ್

ಒಪ್ಪದವರೂ ಬರೆಯಿರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ.

ನಾವೂ ಹಳೇ ಪೇಟೆಯಲ್ಲೇ ಇದ್ದವರು. ಎಂಟು ವರ್ಷದ ಹಿಂದೆ ಅಪ್ಪನಿಗೆ ರಾತ್ರಿ ಎದೆನೋವು ಬಂತು. ಆಂಬುಲೆನ್ಸ್ ಓಣಿಯ ಬಾಯಲ್ಲಿ ನಿಂತಿತು. ಒಳಗೆ ಬರಲಿಲ್ಲ. ನಾನು, ನಮ್ಮ ಚಿಕ್ಕಪ್ಪ, ಎದುರುಮನೆಯವರು ಸೇರಿ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಜುಲೈ ತಿಂಗಳು, ಮಳೆ ಹೊಡೆಯುತ್ತಿತ್ತು, ಕಾಲಡಿ ಚರಂಡಿ ನೀರು ಹರಿಯುತ್ತಿತ್ತು. ಅಪ್ಪ ಉಳಿದರು, ದೇವರು ದೊಡ್ಡವನು. ಆದರೆ ಆ ನೂರು ಹೆಜ್ಜೆ ನಾನು ಸಾಯುವವರೆಗೂ ಮರೆಯುವುದಿಲ್ಲ. ಮರುವರ್ಷ ಮನೆ ಮಾರಿ ಗೋಪಾಳದ ಕಡೆ ಸೈಟು ತಗೊಂಡೆವು.

ಜಗಲಿ ಚೆಂದ, ಕಟ್ಟೆ ಚೆಂದ, ನಿಜ. ಆದರೆ ಬೆಂಕಿ ಬಿದ್ದರೆ, ಹೆರಿಗೆ ನೋವು ಬಂದರೆ ಗಾಡಿ ಬರಬೇಕಲ್ಲ? ನೂರು ವರ್ಷದ ಹಿಂದೆ ಬರೆದವರ ಕಾಲದಲ್ಲಿ ಎತ್ತಿನಗಾಡಿ, ಜಟಕಾ ಇದ್ದವು. ಈಗ ಮನೆಗೆ ಎರಡು ಬೈಕು, ಒಂದು ಕಾರು. ರಸ್ತೆ ಅಗಲ ಮಾಡದೆ ಏನು ಮಾಡುತ್ತೀರಿ, ಹೇಳಿ.

ಹಳೇಪೇಟೆ_ಓಣಿ

ಬೇಜಾರು ಯಾಕೆ ಅಣ್ಣಾ. ನೀವು ಬರೆದದ್ದು ಓದಿ ನಾನೇ ಸುಮ್ನೆ ಕೂತುಬಿಟ್ಟೆ. ನಮ್ಮಲ್ಲೂ ಇದೇ ಭಯ ಇದೆ. ಅಮ್ಮನಿಗೆ ಎಪ್ಪತ್ತೆರಡು.

ಇದಕ್ಕೆ ಗೆಡ್ಡೆಸ್ ಏನು ಮಾಡಿದರು ಅನ್ನುವುದನ್ನು ತಂಜಾವೂರಿನ ಉದಾಹರಣೆಯಿಂದ ಹೇಳುತ್ತೇನೆ. ಅಲ್ಲಿ ಕೋಟೆಯೊಳಗಿನ ಇಕ್ಕಟ್ಟಾದ ಒಂದು ಭಾಗಕ್ಕೆ ಚೌಕಳಿ ಚೌಕಳಿಯಾಗಿ ನೇರ ರಸ್ತೆ ಹಾಕುವ ಯೋಜನೆ ಆಗಿತ್ತು. ಎಷ್ಟೋ ಒಳ್ಳೇ ಮನೆಗಳು ಹೋಗುತ್ತಿದ್ದವು. ಗೆಡ್ಡೆಸ್ ಆ ಕೇರಿಯನ್ನು ಮನೆ ಮನೆ ನೋಡಿದರು. ಯಾವ ಮನೆ ಬಿದ್ದುಹೋಗಿದೆ, ಯಾವುದು ಬೀಗ ಹಾಕಿಕೊಂಡು ಪಾಳುಬಿದ್ದಿದೆ, ಎಲ್ಲಿ ಖಾಲಿ ಜಾಗ ಇದೆ ಅಂತ ಗುರುತು ಹಾಕಿಕೊಂಡರು. ಆಮೇಲೆ, ಆ ಪಾಳುಮನೆಗಳನ್ನು ಮಾತ್ರ ತೆಗೆದರೆ ಅಲ್ಲಲ್ಲಿ ಸಣ್ಣ ಬಯಲು ಸಿಗುತ್ತದೆ, ಒಂದೆರಡು ಗೋಡೆ ಹಿಂದಕ್ಕೆ ಸರಿಸಿದರೆ ಓಣಿ ಓಣಿಗೆ ಸೇರುತ್ತದೆ, ಆ ಬಯಲಲ್ಲಿ ಒಂದು ಮರ ನೆಡಿ, ಬಾವಿ ರಿಪೇರಿ ಮಾಡಿ ಅಂತ ಬರೆದರು. ಇದಕ್ಕೆ ಅವರು ಇಟ್ಟ ಹೆಸರು ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆ. ಡಾಕ್ಟರು ಬೆರಳು ಕೊಳೆತಿದ್ದರೆ ಬೆರಳು ತೆಗೆಯುತ್ತಾರೆ, ಭುಜದಿಂದ ಕೈ ತೆಗೆಯುವುದಿಲ್ಲ. ಖರ್ಚೂ ಎಷ್ಟೋ ಕಡಿಮೆ ಬೀಳುತ್ತಿತ್ತು. ಇದಕ್ಕೆ ಬೇಕಾದದ್ದು ತಾಳ್ಮೆ. ನೇರ ಗೆರೆ ಎಳೆಯಲು ಮೇಜು ಸಾಕು, ಇದಕ್ಕೆ ನಡೆಯಬೇಕು.

ನಿಮ್ಮ ಅಪ್ಪನನ್ನು ಹೊತ್ತುಕೊಂಡು ಹೋದ ಆ ನೂರು ಹೆಜ್ಜೆಯಲ್ಲಿ ಆಂಬುಲೆನ್ಸಿಗೆ ಅಡ್ಡ ಆಗಿದ್ದು ಏನು ಅಣ್ಣಾ? ಇಡೀ ಓಣಿಯೇ ಸಣ್ಣದಿತ್ತಾ, ಅಥವಾ ಯಾವುದೋ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತಾ? ನೆನಪಿದ್ದರೆ ಹೇಳಿ. ನಿಜವಾಗಿ ಗೊತ್ತಾಗಬೇಕು ಅಂತ ಕೇಳುತ್ತಿದ್ದೇನೆ.

ಗೋಪಾಳ_ಕೊನೇಸ್ಟಾಪ್

ಯೋಚನೆ ಮಾಡಿದೆ. ಓಣಿಯ ಬಾಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇತ್ತು, ಅದರ ಸುತ್ತ ಬೇಲಿ. ಎದುರಿಗೆ ಯಾರೋ ಕಟ್ಟಿ ಅರ್ಧಕ್ಕೆ ಬಿಟ್ಟ ಕಾಂಪೌಂಡು. ಅದನ್ನು ದಾಟಿದ ಮೇಲೆ ಕಾರು ಬರುತ್ತಿತ್ತು. ಇಷ್ಟು ವರ್ಷ ನಾನು ಇದನ್ನು ಹೀಗೆ ಯೋಚಿಸಿರಲಿಲ್ಲ.

ಭಾನುವಾರ ಬರುತ್ತೇನೆ. ಟೇಪು ನನ್ನ ಹತ್ತಿರ ಉದ್ದದ್ದಿದೆ.

ಸೈಟ್_ಇಂಜಿನಿಯರ್_ಶಿಮೊಗ್ಗ

ನಾನು ಕಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡುವ ಸಿವಿಲ್‌ನವನು. ನಮ್ಮ ಕಡೆಯಿಂದ ಒಂದೆರಡು ಮಾತು.

ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಬಂದಿದ್ದು 2016ರಲ್ಲಿ, ಎರಡನೇ ಸುತ್ತಿನಲ್ಲಿ. ಅಲ್ಲಿಂದ ಈಚೆಗೆ ಊರಲ್ಲಿ ಎಷ್ಟು ರಸ್ತೆ ಅಗೆದು ಎಷ್ಟು ಕಾಂಕ್ರೀಟ್ ಹಾಕಿದ್ದೇವೆ ಅನ್ನುವುದು ನಿಮಗೆಲ್ಲ ಗೊತ್ತು. ಕೆಲವು ಕೆಲಸ ಚೆನ್ನಾಗಿ ಆಗಿದೆ, ಹೊಳೆದಂಡೆಯ ನಡಿಗೆ ದಾರಿಯಲ್ಲಿ ಸಂಜೆ ಹೊತ್ತು ಹೆಂಗಸರು ಮಕ್ಕಳು ಓಡಾಡುವುದು ನೋಡಿದರೆ ನನಗೆ ಖುಷಿ ಆಗುತ್ತದೆ. ಆದರೆ ಒಂದು ತೊಂದರೆ ಒಳಗಿನವರಿಗೆ ಮಾತ್ರ ಗೊತ್ತು. ನಮ್ಮ ಅಂದಾಜು ಪಟ್ಟಿಯಲ್ಲಿ ಕೆಡವಲು ದರ ಇದೆ, ಅಗೆಯಲು ದರ ಇದೆ, ಕಾಂಕ್ರೀಟಿಗೆ ಕ್ಯೂಬಿಕ್ ಮೀಟರಿಗೆ ಇಷ್ಟು ಅಂತ ದರ ಇದೆ. ಮನೆ ಮನೆಗೆ ಹೋಗಿ ಮಾತಾಡಲು ದರ ಇಲ್ಲ. ಅಳೆಯಲು ಬಂದ ಹುಡುಗನಿಗೆ ದಿನಕ್ಕೆ ಇಷ್ಟು ಉದ್ದ ಮುಗಿಸು ಅಂತ ಹೇಳಿರುತ್ತಾರೆ. ಅವನು ಜಗಲಿ ಮೇಲೆ ಕೂತು ನಿಮ್ಮ ಅಮ್ಮನ ಮಾತು ಕೇಳುತ್ತಾ ಇದ್ದರೆ ಸಂಜೆ ಅವನಿಗೆ ಬೈಗುಳ.

ಇನ್ನು ಮಳೆ ನೀರು. ನಮ್ಮ ಮಲೆನಾಡಿನ ಹಳೇ ಓಣಿಗಳು ಇಳಿಜಾರು ನೋಡಿಕೊಂಡು ಬೆಳೆದವು. ಹೆಂಚಿನ ಮಾಡಿನಿಂದ ಬಿದ್ದ ನೀರು ಹಿತ್ತಿಲಿಗೆ ಒಂದಿಷ್ಟು, ಬಾವಿಗೆ ಒಂದಿಷ್ಟು, ಉಳಿದದ್ದು ಚರಂಡಿಗೆ. ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಹಾಕಿ, ಎರಡು ಮೂರು ಸಲ ಮೇಲೆ ಮೇಲೆ ಹಾಕಿ, ಈಗ ರಸ್ತೆ ಮನೆಯ ಹೊಸಿಲಿಗಿಂತ ಎತ್ತರ ಆಗಿದೆ. ನೀರು ಒಳಗೆ ಬರದೆ ಏನು ಮಾಡುತ್ತದೆ? 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ಬೇರೆ ಕಥೆ, ಅದು ಹೊಳೆಯದ್ದು. ಆದರೆ ವರ್ಷಾ ವರ್ಷ ಒಂದು ಗಂಟೆಯ ಮಳೆಗೆ ಅಡುಗೆಮನೆಗೆ ಬರುವ ನೀರು ನಾವು ಮಾಡಿಕೊಂಡದ್ದು.

ಭಾನುವಾರದ ನಕ್ಷೆಯಲ್ಲಿ ಪ್ರತಿ ಮನೆಯ ಹೊಸಿಲು ರಸ್ತೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಬರೆದುಕೊಳ್ಳಿ. ಪೈಪಿನಲ್ಲಿ ನೀರು ತುಂಬಿ ಲೆವೆಲ್ ಹೇಗೆ ಹಿಡಿಯುವುದು ಅಂತ ಬೇಕಾದರೆ ಹೇಳಿಕೊಡುತ್ತೇನೆ. ಮೇಸ್ತ್ರಿಗಳು ಯಾರಾದರೂ ಇದ್ದರೆ ಅವರಿಗೆ ಗೊತ್ತಿರುತ್ತದೆ.

ಹಳೇಪೇಟೆ_ಓಣಿ

ಸಾರ್, ಮಾತಾಡಲು ದರ ಇಲ್ಲ ಅಂದಿರಲ್ಲ, ಅದನ್ನು ಬರೆದಿಟ್ಟುಕೊಂಡೆ.

ನೀರಿನ ವಿಷಯದಲ್ಲಿ ಗೆಡ್ಡೆಸ್ ಇಂದೋರ್ ವರದಿಯಲ್ಲಿ ಬಹಳ ಬರೆದಿದ್ದಾರೆ. 1918ರದ್ದು, ಎರಡು ಸಂಪುಟ. ಯುರೋಪಿನಲ್ಲಿ ಎಲ್ಲವನ್ನೂ ಚರಂಡಿಗೆ ಬಿಡುವ ಪದ್ಧತಿ, ನಮ್ಮ ದೇಶಕ್ಕೆ ಸರಿಯಾದದ್ದು ಹಳ್ಳಿಯವರ ಪದ್ಧತಿ, ಎಲ್ಲವೂ ಮಣ್ಣಿಗೆ ಅಂತ ಅವರ ವಾದ. ಕೆರೆಗಳ ಬಗ್ಗೆಯೂ ಅಷ್ಟೇ. ಮಲೇರಿಯಾ ಬರುತ್ತದೆ ಅಂತ ಕೆರೆ ಮುಚ್ಚಿಸುವ ಆತುರ ಆಗ ಜೋರಾಗಿತ್ತು. ಮುಚ್ಚಬೇಡಿ, ಹೂಳು ತೆಗೆಯಿರಿ, ಮೀನು ಬಿಡಿ, ಬಾತುಕೋಳಿ ಸಾಕಿ, ಸೊಳ್ಳೆಯ ಮರಿಯನ್ನು ಅವೇ ತಿನ್ನುತ್ತವೆ, ಕೆರೆ ಇದ್ದರೆ ಊರು ತಂಪಾಗಿರುತ್ತದೆ ಅಂದರು.

ಅದೇ ಇಂದೋರಿನ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ ಆಯಿತು. ಪ್ಲೇಗು ಇದ್ದ ಕಾಲ. ಒಬ್ಬ ಬಿಳಿಗಡ್ಡದ ಮುದುಕ ನಕ್ಷೆ ಹಿಡಿದು ಓಣಿ ಓಣಿ ತಿರುಗುತ್ತಿದ್ದರೆ ಜನಕ್ಕೆ ಭಯ. ಇವನೇ ಪ್ಲೇಗು ತರುವ ಸಾಹೇಬ ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಗೆಡ್ಡೆಸ್ ಅರಮನೆಗೆ ಹೋಗಿ, ನನ್ನನ್ನು ಒಂದು ದಿನದ ಮಹಾರಾಜ ಮಾಡಿ ಅಂತ ಕೇಳಿದರು. ದೀಪಾವಳಿಯ ಮೆರವಣಿಗೆ ಈ ಸಲ ಹಳೇ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ಮನೆಗಳನ್ನು ಹೆಚ್ಚು ಚೊಕ್ಕ ಮಾಡಿ ರಿಪೇರಿ ಮಾಡುತ್ತಾರೋ ಆ ಬೀದಿಯಲ್ಲಿ ಹೋಗುತ್ತದೆ ಅಂತ ಸಾರಿಸಿದರು. ಇಡೀ ಊರು ಪೊರಕೆ ಹಿಡಿಯಿತು. ಗಾಡಿ ಗಾಡಿ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಪ್ಲೇಗಿನ ರಾಕ್ಷಸ, ದೊಡ್ಡ ಇಲಿಯ ಬೊಂಬೆ, ಲಕ್ಷ್ಮಿ, ಕಸುಬುದಾರರು, ಮತ್ತೆ ಊರು ಗುಡಿಸುವವರು ಹೊಸ ಬಟ್ಟೆ ತೊಟ್ಟು ಹೂವು ಕಟ್ಟಿದ ಪೊರಕೆ ಹಿಡಿದು ಬಂದರು.

ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬ ಜಾತ್ರೆಗೆ ದೇವಿ ಗಾಂಧಿ ಬಜಾರಿನ ತವರುಮನೆಯಲ್ಲಿ ಒಂದು ದಿನ ಇದ್ದು ಕೋಟೆಗೆ ಹೋಗುತ್ತಾಳಲ್ಲ, ಆ ಸಮಯಕ್ಕೆ ಪೇಟೆಯ ಓಣಿಗಳು ಹೇಗಿರುತ್ತವೆ ನೋಡಿ. ಯಾರೂ ಹೇಳದೆ ಸುಣ್ಣ ಬಳಿಯುತ್ತಾರೆ, ಚರಂಡಿ ತೊಳೆಯುತ್ತಾರೆ, ಅಂಗಳಕ್ಕೆ ರಂಗೋಲಿ. ಊರಿನವರಿಗೆ ಊರು ತಮ್ಮದು ಅನ್ನಿಸಿದಾಗ ಏನಾಗುತ್ತದೆ ಅಂತ ಆ ಮನುಷ್ಯ ಹಿಡಿದುಕೊಂಡಿದ್ದರು.

ಹೊಸಮನೆ_ಹುಡುಗಿ

ಅಕ್ಕಾ, ಈ ಪೊರಕೆಯ ವಿಷಯಕ್ಕೆ ನಾನು ಬರೆಯಲೇಬೇಕು. ನಮ್ಮ ಅಮ್ಮ ಇಪ್ಪತ್ತಾರು ವರ್ಷ ಪೌರಕಾರ್ಮಿಕಳಾಗಿ ದುಡಿದವಳು. ಬೆಳಗಿನ ಜಾವ ಐದಕ್ಕೆ ನಿಮ್ಮ ಓಣಿಯಂತಹ ಓಣಿ ಗುಡಿಸಲು ಹೋಗುತ್ತಿದ್ದಳು.

ಒಂದು ದಿನ ಹೊಸ ಬಟ್ಟೆ ಕೊಟ್ಟು, ಪೊರಕೆಗೆ ಹೂವು ಕಟ್ಟಿ ಮೆರವಣಿಗೆ ಮಾಡಿದರು. ನೂರು ವರ್ಷದ ಹಿಂದೆ ಅಷ್ಟು ಮಾಡಿದ್ದೂ ದೊಡ್ಡದೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಮೆರವಣಿಗೆ ಮುಗಿದ ಮೇಲೆ ಅವರು ಯಾವ ಕೇರಿಗೆ ವಾಪಸ್ ಹೋದರು? ಆ ಕೇರಿಯ ಮನೆಗೆ ಎಷ್ಟು ಅಂಕಣ ಇತ್ತು, ಬಾವಿ ಇತ್ತಾ? ಹಳೇ ಊರು ಚೆಂದ, ಓಣಿ ಚೆಂದ, ಕಟ್ಟೆ ಚೆಂದ ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ಅಜ್ಜಿ ಆ ಕಟ್ಟೆಯ ಮೇಲೆ ಕೂರುವ ಹಾಗಿರಲಿಲ್ಲ. ಬಾವಿಯ ಹತ್ತಿರ ಹೋಗುವ ಹಾಗಿರಲಿಲ್ಲ, ಯಾರಾದರೂ ಸೇದಿ ಮೇಲಿಂದ ಹೊಯ್ಯಬೇಕಿತ್ತು. ಮೊದಲ ಸಲ ಬೀದಿ ನಲ್ಲಿ ಬಂದಾಗ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಳಂತೆ. ಯಾಕೆಂದರೆ ನಲ್ಲಿ ಜಾತಿ ಕೇಳುವುದಿಲ್ಲ. ಅಗಲ ರಸ್ತೆ, ಹೊಸ ಬಡಾವಣೆ, ಸೈಟು ಅಂದರೆ ನಮ್ಮ ಜನಕ್ಕೆ ಒಂದು ಬಿಡುಗಡೆಯೂ ಆಗಿತ್ತು. ಇದನ್ನು ನಿಮ್ಮ ಗೆಡ್ಡೆಸ್ ಎಷ್ಟು ನೋಡಿದರು?

ಇಷ್ಟು ಹೇಳಿ ಇನ್ನೊಂದನ್ನೂ ಹೇಳುತ್ತೇನೆ, ಅದೂ ನಿಜ. ನಮ್ಮ ದೊಡ್ಡಮ್ಮನಿಗೆ ಊರಾಚೆ ಮನೆ ಸಿಕ್ಕಿತು. ಗಟ್ಟಿ ಮನೆ, ಕಕ್ಕಸು ಇದೆ, ಕರೆಂಟ್ ಇದೆ. ಆದರೆ ಅವಳು ಹೂವು ಕಟ್ಟಿ ಮಾರುವವಳು. ಬೆಳಿಗ್ಗೆ ನಾಲ್ಕೂವರೆಗೆ ಮಾರ್ಕೆಟ್ಟಿನಲ್ಲಿ ಇರಬೇಕು, ಆ ಹೊತ್ತಿಗೆ ಅಲ್ಲಿಂದ ಬಸ್ಸಿಲ್ಲ. ಆಟೋಗೆ ಕೊಟ್ಟರೆ ಲಾಭ ಅಲ್ಲೇ ಹೋಯಿತು. ಆರು ತಿಂಗಳು ನೋಡಿ ಮನೆಗೆ ಬೀಗ ಹಾಕಿ ಪೇಟೆಯಲ್ಲೇ ಒಂದು ಕೋಣೆ ಬಾಡಿಗೆ ಹಿಡಿದಳು. ಆ ಕೋಣೆ ಯಾರ ಓಣಿಯಲ್ಲಿದೆ? ನಿಮ್ಮಂತಹ ಓಣಿಯಲ್ಲೇ. ಆ ಓಣಿಗೂ ಗೀಟು ಬಿದ್ದರೆ ಮನೆ ಮಾಲೀಕರಿಗೆ ಪರಿಹಾರ ಬರುತ್ತದೆ. ಅವಳಿಗೆ?

ಹಳೇಪೇಟೆ_ಓಣಿ

ತಂಗೀ, ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಮನೆಯ ಬಾವಿಯಲ್ಲೂ ಹಾಗೇ ನಡೆದಿತ್ತು. ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದು ಅಂದಳು.

ಗೆಡ್ಡೆಸ್ ಎಷ್ಟು ನೋಡಿದರು ಅಂತ ನೀನು ಕೇಳಿದೆಯಲ್ಲ, ಹೇಳುತ್ತೇನೆ. ಗೆಡ್ಡೆಸ್ ಬಡವರ ಕೇರಿಗಳಿಗೆ ಹೋದರು, ಗುಡಿಸುವವರ ಮನೆಗಳು ಸರಿ ಇರಬೇಕು ಅಂದರು. ಅವರನ್ನು ಅಲ್ಲಿಗೆ ಕರೆಸಿದವರು ಮಾತ್ರ ಗವರ್ನರು, ಮಹಾರಾಜರು. ಓಣಿಯ ಪ್ರೀತಿಯಲ್ಲಿ ಓಣಿಯ ಒಳಗಿನ ಬೇಲಿಯನ್ನು ಅವರು ಗಟ್ಟಿಯಾಗಿ ಪ್ರಶ್ನೆ ಮಾಡಲಿಲ್ಲ ಅಂತ ನನಗೂ ಅನ್ನಿಸುತ್ತದೆ. ಬಾಡಿಗೆಯವರ ಬಗ್ಗೆ ಅವರು ಕೇಳಿದ ಪ್ರಶ್ನೆ ಮಾತ್ರ ನಿನ್ನ ದೊಡ್ಡಮ್ಮನದ್ದೇ ಪ್ರಶ್ನೆ. ಕೆಡವಿದ ಮೇಲೆ ಇವರು ಎಲ್ಲಿಗೆ?

ನಮ್ಮ ಪಟ್ಟಿಯಲ್ಲಿ ಬರೀ ಮನೆ ಮಾಲೀಕರ ಹೆಸರಿತ್ತು. ಈಗ ಬಾಡಿಗೆಯವರು, ತಳ್ಳುಗಾಡಿಯವರು, ಓಣಿ ಗುಡಿಸಲು ಬರುವವರು ಮೂರೂ ಕಾಲಂ ಸೇರಿಸಿದ್ದೇನೆ. ನೀನು ಬರುತ್ತೀಯಾ? ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ನಿನಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಹೊಸಮನೆ_ಹುಡುಗಿ

ಬರುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ. ಯಾವ ಮನೆಯ ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಅವಳಿಗೆ ಕಣ್ಣು ಮುಚ್ಚಿಕೊಂಡು ಗೊತ್ತು.

ಹಿನ್ನೀರಿನ_ಮೊಮ್ಮಗ

ಒಂದು ವಾರದಿಂದ ಓದುತ್ತಾ ಇದ್ದೆ. ನಮ್ಮದು ಪೇಟೆಯ ಕಥೆ ಅಲ್ಲ, ಆದರೂ ಇಲ್ಲಿಗೆ ಸೇರುತ್ತದೆ ಅನ್ನಿಸಿತು.

ನಮ್ಮ ಅಜ್ಜನ ಊರು ಶರಾವತಿಯ ನೀರಿನ ಅಡಿಯಲ್ಲಿದೆ. ಮೊದಲು ಹಿರೇಭಾಸ್ಕರ ಅಣೆಕಟ್ಟು, 1948. ಅದಕ್ಕೆ ಒಂದಿಷ್ಟು ಊರು ಹೋದವು. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಅದಕ್ಕೆ ಅಜ್ಜನ ಊರು ಹೋಯಿತು, ಹಳೇ ಅಣೆಕಟ್ಟೂ ನೀರೊಳಗೆ ಹೋಯಿತು. ಲಾರಿಯಲ್ಲಿ ಸಾಮಾನು, ದನಕರು, ಬಾಗಿಲು ಕಿಟಕಿ, ಹೆಂಚು ಎಲ್ಲ ತುಂಬಿ ಶಿವಮೊಗ್ಗ ತಾಲ್ಲೂಕಿನ ಕಾಡಿನಲ್ಲಿ ಇಳಿಸಿ ಹೋದರು. ಜಾಗ ಇದೇ, ಕಡಿದು ಕಟ್ಟಿಕೊಳ್ಳಿ ಅಂತ. ಅರವತ್ತು ವರ್ಷ ಆಯಿತು, ಇವತ್ತಿಗೂ ಎಷ್ಟೋ ಮುಳುಗಡೆ ಕುಟುಂಬಗಳಿಗೆ ಹಕ್ಕುಪತ್ರ ಇಲ್ಲ. ಕಾಡಿನ ಜಾಗ ಅಂತ ಕೇಸು ನಡೆಯುತ್ತಲೇ ಇದೆ.

ಅಜ್ಜ ಹೊಸ ಜಾಗದಲ್ಲಿ ಹಳೇ ಬಾಗಿಲನ್ನೇ ಇಟ್ಟು ಮನೆ ಕಟ್ಟಿದರು. ಮನೆ ಆಯಿತು. ಊರು ಆಗಲಿಲ್ಲ. ಹಳೇ ಊರಲ್ಲಿ ಯಾರ ಮನೆಯ ಪಕ್ಕ ಯಾರು ಅನ್ನುವುದಕ್ಕೆ ಒಂದು ಲೆಕ್ಕ ಇತ್ತು. ಬಡಗಿ ಇದ್ದರು, ಸೂಲಗಿತ್ತಿ ಇದ್ದರು, ಸಾಲ ಕೊಡುವವರು ಬೈಯುವವರು ಎಲ್ಲ ಇದ್ದರು. ಒಂದೊಂದು ಲಾರಿ ಒಂದೊಂದು ಕಡೆ ಹೋಯಿತು. ಅಜ್ಜಿಗೆ ಹೆರಿಗೆ ಮಾಡಿಸುತ್ತಿದ್ದವಳು ಮೂವತ್ತು ಮೈಲಿ ದೂರದ ಇನ್ನೊಂದು ಕಾಡಿನಲ್ಲಿ ಇಳಿದಿದ್ದಳು. ನಮ್ಮ ದೊಡ್ಡಪ್ಪನ ನಂತರ ಹುಟ್ಟಿದ ಒಂದು ಮಗು ಉಳಿಯಲಿಲ್ಲ. ಅಜ್ಜಿ ಕೊನೆಯವರೆಗೂ ಅದಕ್ಕೆ ಕಾರಣ ಇದೇ ಅಂತ ಹೇಳುತ್ತಿದ್ದಳು.

ಜಾಗ, ಕೆಲಸ, ಜನ ಮೂರನ್ನೂ ಒಟ್ಟಿಗೆ ನೋಡಬೇಕು ಅಂತ ಗೆಡ್ಡೆಸ್ ಹೇಳಿದ್ದಾರೆ ಅಂತ ಎಲ್ಲೋ ಓದಿದ್ದೆ. ನಮ್ಮವರಿಗೆ ಕೊಟ್ಟಿದ್ದು ಜಾಗ ಒಂದೇ, ಅದೂ ಕಾಗದ ಇಲ್ಲದ್ದು. ನೀವು ನಕ್ಷೆ ಮಾಡುವಾಗ ಯಾರು ಯಾರಿಗೆ ಏನಾಗಬೇಕು, ಯಾರ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಯಾರು ಯಾರಿಗೆ ಮಾತ್ರೆ ತಂದುಕೊಡುತ್ತಾರೆ ಅದನ್ನೂ ಬರೆಯಿರಿ. ನಮ್ಮ ಅಜ್ಜನ ಊರಿನ ಅಂತಹ ನಕ್ಷೆ ಯಾರ ಹತ್ತಿರವೂ ಇಲ್ಲ.

ಭದ್ರಾವತಿ_ನ್ಯೂಟೌನ್

ಓದಿ ಕಣ್ಣು ತುಂಬಿತು.

ಭದ್ರಾವತಿಯಿಂದ ಒಂದು ಮಾತು. ನಮ್ಮದು ಕಾರ್ಖಾನೆಗಾಗಿ ಹುಟ್ಟಿದ ಊರು. ಕಬ್ಬಿಣದ ಕಾರ್ಖಾನೆ 1918ರಲ್ಲಿ, ಆಮೇಲೆ ಕಾಗದದ್ದು. ಜರ್ಮನಿ ಬಿಟ್ಟು ಬಂದಿದ್ದ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್ ಆದರು. ಭದ್ರಾವತಿಗೆ ಹೊಸ ಊರಿನ ನಕ್ಷೆ ಮಾಡಿದ್ದು ಅವರೇ. ನಾನು ಬೆಳೆದದ್ದು ಕ್ವಾರ್ಟರ್ಸ್‌ನಲ್ಲಿ. ಸಣ್ಣ ಮನೆ, ಆದರೆ ಮುಂದೆ ಜಾಗ, ಮರ, ಆಟದ ಬಯಲು, ನಡೆದೇ ಹೋಗುವಷ್ಟು ಹತ್ತಿರ ಶಾಲೆ. ಈಗ ಕಾಗದದ ಕಾರ್ಖಾನೆ ಎಂಪಿಎಂ ನಿಂತುಹೋಗಿದೆ, ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಉಸಿರು ಹಿಡಿದುಕೊಂಡಿದೆ. ಸಾಲು ಸಾಲು ಕ್ವಾರ್ಟರ್ಸ್ ಖಾಲಿ, ಮಾಡಿನ ಮೇಲೆ ಅಶ್ವತ್ಥದ ಗಿಡ. ನಕ್ಷೆ ಎಷ್ಟೇ ಒಳ್ಳೇದಿದ್ದರೂ ದುಡಿಮೆ ಹೋದರೆ ಊರು ಹೋಗುತ್ತದೆ. ಆ ಹುಡುಗ ಹೇಳಿದ ಜಾಗ, ಕೆಲಸ, ಜನ ಅದೇ.

ಇಷ್ಟು ಮನೆ ಖಾಲಿ ಬಿದ್ದಿರುವ ಊರಿನ ಹೊರಗೇ ಗದ್ದೆಗೆ ಮಣ್ಣು ತುಂಬಿ ಹೊಸ ಲೇಔಟ್ ಮಾಡುತ್ತಿದ್ದಾರೆ. ಇದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ಸಾಗರ_ಮೇಷ್ಟ್ರು

ನಿವೃತ್ತ ಶಿಕ್ಷಕ ನಾನು. ಒಂದು ಸಣ್ಣ ಕೊಂಡಿ ಸೇರಿಸುತ್ತೇನೆ. ಗೆಡ್ಡೆಸ್ 1919ರಿಂದ 1924ರವರೆಗೆ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್ ಆಗಿದ್ದರು. ಅವರು ಆರಿಸಿ ಇಂಗ್ಲೆಂಡಿಗೆ ಓದಲು ಕಳಿಸಿದ್ದು ಜಿ.ಎಸ್. ಘುರ್ಯೆ ಅವರನ್ನು. ಘುರ್ಯೆ ಅವರ ಶಿಷ್ಯ ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಹಳ್ಳಿಯಲ್ಲಿ ಹೋಗಿ ಉಳಿದು, ಜನರ ಜೊತೆ ಕೂತು ನೋಡಿ ಬರೆದವರು. ಹೊಸಮನೆಯ ಹುಡುಗಿ ಕೇಳಿದ ಜಾತಿಯ ಪ್ರಶ್ನೆಯನ್ನು ಆ ಶಿಷ್ಯ ಪರಂಪರೆ ಮುಂದೆ ಎತ್ತಿಕೊಂಡಿತು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದರು.

ಕೆರೆಯ ಮಾತು ಬಂದಿದ್ದರಿಂದ ನಮ್ಮ ಗಣಪತಿ ಕೆರೆ ನೆನಪಾಯಿತು. ಊರ ನಡುವೆ ಇರುವ ಕೆರೆ. ಚಿಕ್ಕವನಿದ್ದಾಗ ಅದರ ದಂಡೆ ನಮಗೆ ಮೈದಾನ, ಪಾರ್ಕು, ಈಜುಕೊಳ ಎಲ್ಲ ಆಗಿತ್ತು. ದುಡ್ಡು ಕೊಡದೆ, ಏನೂ ಕೊಳ್ಳದೆ, ಯಾರ ಅಪ್ಪಣೆಯೂ ಇಲ್ಲದೆ ಕೂರಬಹುದಾದ ಜಾಗ ಈಗ ಊರಲ್ಲಿ ಎಷ್ಟಿವೆ, ಎಣಿಸಿ ನೋಡಿ. ನನ್ನ ವಯಸ್ಸಿನವರು ಮನೆಯಿಂದ ಹೊರಟರೆ ಕೂರಲು ಬಸ್‌ಸ್ಟ್ಯಾಂಡಿನ ಬೆಂಚು ಬಿಟ್ಟರೆ ದೇವಸ್ಥಾನ.

ನಿಮ್ಮ ಮೂಲೆಯ ಅರಳಿಕಟ್ಟೆಯಲ್ಲಿ ದಿನಕ್ಕೆ ಎಷ್ಟು ಜನ ಕೂರುತ್ತಾರೆ ಅಂತ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಒಂದು ದಿನ ಎಣಿಸಿ. ಗಂಟೆಗೊಮ್ಮೆ ಬರೆದುಕೊಳ್ಳಿ. ಕಚೇರಿಗೆ ಸಂಖ್ಯೆ ಕೊಟ್ಟರೆ ಓದುತ್ತಾರೆ.

ಹಳೇಪೇಟೆ_ಓಣಿ

ಭಾನುವಾರದ ವರದಿ. ತಡ ಆಯಿತು, ಕ್ಷಮಿಸಿ.

ಹನ್ನೊಂದು ಜನ ಬಂದಿದ್ದರು. ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಮಧ್ಯಾಹ್ನ ಎರಡಕ್ಕೆ ಮುಗಿಸಿದೆವು. ಗೋಪಾಳದ ಅಣ್ಣ ಟೇಪು ಹಿಡಿದರು, ಇಂಜಿನಿಯರ್ ಸಾರ್ ಪೈಪಿನಲ್ಲಿ ಲೆವೆಲ್ ಹಿಡಿದು ತೋರಿಸಿದರು. ಓಣಿಯಲ್ಲಿ 34 ಬಾಗಿಲು. ಮನೆ ಮಾಲೀಕರು ಇರುವುದು 13ರಲ್ಲಿ ಮಾತ್ರ. ಬಾಡಿಗೆಯವರು 17. ಬೀಗ ಹಾಕಿದ್ದು 4. ನಾನು ಇಲ್ಲೇ ಹುಟ್ಟಿ ಬೆಳೆದವಳು, ಬಾಡಿಗೆಯವರೇ ಜಾಸ್ತಿ ಅಂತ ನನಗೇ ಗೊತ್ತಿರಲಿಲ್ಲ.

ಗಾಡಿ ಸಿಕ್ಕಿಕೊಳ್ಳುವ ಜಾಗ ಎರಡೇ. ಒಂದು, ಬಾಯಿಯ ಹತ್ತಿರ ಬಿದ್ದುಹೋದ ಮನೆಯ ಮಣ್ಣಿನ ಗೋಡೆ. ಅದರ ವಾರಸುದಾರರು ಬೆಂಗಳೂರಿನಲ್ಲಿದ್ದಾರೆ, ಫೋನಿನಲ್ಲಿ ಮಾತಾಡಿದೆ, ಗೋಡೆ ತೆಗೆಯಲು ಅಡ್ಡಿ ಇಲ್ಲ ಅಂದಿದ್ದಾರೆ, ಬರೆದುಕೊಡಬೇಕು. ಎರಡು, ನಡುವಿನ ತಿರುವು. ಅಲ್ಲಿ ಒಂದು ಮನೆಯ ಮೆಟ್ಟಿಲು ಎರಡು ಅಡಿ ಹೊರಗೆ ಚಾಚಿದೆ. ಇವೆರಡು ಸರಿಯಾದರೆ ಆಂಬುಲೆನ್ಸ್ ಅರಳಿಕಟ್ಟೆಯವರೆಗೆ ಬರುತ್ತದೆ. ಗೋಪಾಳದ ಅಣ್ಣ ಪರಿಚಯದ ಡ್ರೈವರ್ ಒಬ್ಬರನ್ನು ಕರೆಸಿ ಕೇಳಿದರು, ಅವರೂ ಹೌದು ಅಂದರು. ಕಟ್ಟೆಯಿಂದ ಆಚೆಗಿನ ಒಂಬತ್ತು ಮನೆಗೆ ಬರುವುದಿಲ್ಲ, ಅಲ್ಲಿಗೆ ಸ್ಟ್ರೆಚರ್ ಬೇಕು. ಅದನ್ನು ಮುಚ್ಚಿಡದೆ ಹಾಗೇ ಬರೆಯುತ್ತೇವೆ.

ಹೊಸಿಲು ರಸ್ತೆಗಿಂತ ತಗ್ಗಿರುವ ಮನೆ 21. ಹೊಸಮನೆಯ ತಂಗಿಯ ಅಮ್ಮ ಬಂದಿದ್ದರು. ಚರಂಡಿ ಕಟ್ಟಿಕೊಳ್ಳುವ ಮೂರು ಜಾಗ ತೋರಿಸಿದರು. ಒಂದು ಕಡೆ ಚಪ್ಪಡಿ ಎತ್ತಿಸಿ ನೋಡಿದರೆ ಹಳೇ ಮೋರಿಯ ಬಾಯಿಗೆ ಯಾರೋ ಕಾಂಕ್ರೀಟ್ ಸುರಿದಿದ್ದಾರೆ. ಇಪ್ಪತ್ತಾರು ವರ್ಷದಲ್ಲಿ ಇದನ್ನು ಯಾರೂ ಅವರ ಹತ್ತಿರ ಕೇಳಿರಲಿಲ್ಲ. ಕೆಲಸ ಮುಗಿದ ಮೇಲೆ ನಮ್ಮ ಅಮ್ಮ ಅವರನ್ನು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟಳು. ಆಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಾವಿ ತೋರಿಸಿದಳು. ಇಬ್ಬರೂ ಅಲ್ಲಿ ಏನು ಮಾತಾಡಿದರೋ ನಾನು ಕೇಳಲಿಲ್ಲ.

ಕಟ್ಟೆಯ ಎಣಿಕೆ ಸೋಮವಾರ ಮಾಡಿದೆವು ಮೇಷ್ಟ್ರೇ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತಕ್ಕೆ 163 ಜನ. ಅದರಲ್ಲಿ ಟೈಲರ್ ಹತ್ತಿರ ಬಟ್ಟೆಗೆ ಕಾಯುವವರು, ಶಾಲೆ ಬಿಟ್ಟ ಮಕ್ಕಳು, ತಳ್ಳುಗಾಡಿಯವರು ಊಟಕ್ಕೆ ಕೂತವರು.

ಆ ಮೆಟ್ಟಿಲಿನ ಮನೆಯ ವಿಷಯ ಬಾಕಿ ಇದೆ. ಅಲ್ಲಿ ಬಾಡಿಗೆಗಿರುವವರು ಗಾರೆ ಕೆಲಸದವರು, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಮೆಟ್ಟಿಲು ತೆಗೆದರೆ ಅವರ ಮನೆಯಲ್ಲಿರುವ ಕಾಲು ಸರಿ ಇಲ್ಲದ ಅಜ್ಜಿ ಹೇಗೆ ಇಳಿಯುತ್ತಾರೆ ಅನ್ನುವುದಕ್ಕೆ ನಮಗೆ ದಾರಿ ತೋಚಿಲ್ಲ. ಬುಧವಾರ ರಾತ್ರಿ ಎಂಟೂವರೆಗೆ ಮತ್ತೆ ಹೋಗುತ್ತಿದ್ದೇವೆ. ಮೇಸ್ತ್ರಿ ಕೆಲಸ ಗೊತ್ತಿರುವವರು ಯಾರಾದರೂ ಜೊತೆಗೆ ಬರುವ ಹಾಗಿದ್ದರೆ ಇಲ್ಲೇ ತಿಳಿಸಿ.